ಕನ್ನಡದಲ್ಲಿ ಕೇಳಿದರೆ ಕರ್ನಾಟಕದ ಉತ್ತರ: ಕಾಸರಗೋಡಿನವರಿಗೆ ಹೊಸ ಕಾಲದ ಸರ್ಚ್ ಮಾರ್ಗದರ್ಶಿ

ಕಳೆದ ಮಳೆಗಾಲದ ಒಂದು ರಾತ್ರಿ. ಹೊರಗೆ ಜಡಿಮಳೆ. ತಂಗಿಯ ಮಗ ಫೋನ್ ಹಿಡಿದು "ನಾಳೆ ಶಾಲೆಗೆ ರಜೆ ಉಂಟಾ?" ಎಂದು ಕನ್ನಡದಲ್ಲೇ ಕೇಳಿದ. ತೆರೆಯ ಮೇಲ್ಭಾಗದಲ್ಲೇ ಉತ್ತರ ಬಂತು. ಜಿಲ್ಲೆಯ ಎಲ್ಲ ಶಾಲೆಗಳಿಗೆ ರಜೆ, ಜಿಲ್ಲಾಧಿಕಾರಿಗಳ ಆದೇಶ ಅಂತ. ಹುಡುಗ ಬ್ಯಾಗ್ ಮೂಲೆಗೆ ಎಸೆದು ಮಲಗಿದ. ಬೆಳಿಗ್ಗೆ ಹತ್ತು ಗಂಟೆಗೆ ಟೀಚರ್ ಫೋನ್ ಮಾಡಿ, ಯಾಕೆ ಬಂದಿಲ್ಲ ಎಂದು ಕೇಳಿದಾಗಲೇ ನಮಗೆ ಗೊತ್ತಾದದ್ದು: ರಜೆ ಇದ್ದದ್ದು ಗಡಿಯ ತಲಪಾಡಿಯ ಆಚೆಗೆ, ಕರ್ನಾಟಕದ ದಕ್ಷಿಣ ಕನ್ನಡಕ್ಕೆ. ನಮ್ಮ ಮನೆ ಇರುವುದು ಈಚೆಗೆ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ.

ಉತ್ತರ ಸುಳ್ಳಾಗಿರಲಿಲ್ಲ. ಅದು ಬೇರೆಯವರ ಉತ್ತರ, ಅಷ್ಟೆ. ನಾವು ಕನ್ನಡದಲ್ಲಿ ಕೇಳಿದರೆ ಸಾಕು, ಯಂತ್ರ ನಮ್ಮನ್ನು ಕರ್ನಾಟಕದವರು ಅಂದುಕೊಳ್ಳುತ್ತದೆ. ಅಂತರ್ಜಾಲದಲ್ಲಿ ಇರುವ ಕನ್ನಡ ಬರಹಗಳಲ್ಲಿ ಹೆಚ್ಚಿನವು ಆ ಕಡೆಯವು, ಹಾಗಾಗಿ ಅದಕ್ಕೆ ಸಿಗುವುದೂ ಅದೇ. ಮೊದಲಾದರೆ ಹತ್ತು ಲಿಂಕ್ ಬರುತ್ತಿತ್ತು, ನಾವು ಹೆಸರು ನೋಡಿ ಇದು ಮಂಗಳೂರಿನ ಸುದ್ದಿ, ಇದು ನಮ್ಮದಲ್ಲ ಎಂದು ದಾಟುತ್ತಿದ್ದೆವು. ಈಗ ಲಿಂಕ್‌ಗಳು ಕೆಳಗೆ ಸರಿದು, ಒಂದೇ ಉತ್ತರ ಮೇಲೆ ಬಂದು ಕೂತಿದೆ. ದಾಟಲಿಕ್ಕೆ ಏನೂ ಇಲ್ಲ.

ಆದರೆ ಇದೇ ಹೊಸ ಸರ್ಚ್‌ನಿಂದ ನಮಗೆ, ಗಡಿಯ ಈಚೆ ಇರುವ ಕನ್ನಡದವರಿಗೆ, ಆಗುವ ಉಪಕಾರ ಕರ್ನಾಟಕದವರಿಗೂ ಆಗುವುದಿಲ್ಲ ಎಂದು ನನ್ನ ಅಭಿಪ್ರಾಯ. ಮಲಯಾಳಂ ಓದಲು ಬಾರದ ನನ್ನ ಅಮ್ಮ ಈಗ ಬಸ್ಸಿನ ಬೋರ್ಡನ್ನು ಫೋನಿನಿಂದ ಓದುತ್ತಾರೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ, ಹೇಗೆ ಬಳಸಬೇಕು, ಎಲ್ಲಿ ತಡೆಯಬೇಕು ಅಂತ.

ಏನೆಲ್ಲ ಬದಲಾಗಿದೆ

ಚುಟುಕಾಗಿ ಹೇಳುತ್ತೇನೆ. ಗೂಗಲ್ ಚಿತ್ರಗಳ ಹುಡುಕಾಟ ಶುರು ಮಾಡಿದ್ದು 2001ರಲ್ಲಿ. ಆಗ ನಾವು ಪದ ಕೊಡಬೇಕಿತ್ತು, ಅದು ಚಿತ್ರ ಕೊಡುತ್ತಿತ್ತು. 2011ರಲ್ಲಿ ಅದು ತಿರುಗಿತು, ನಾವೇ ಚಿತ್ರ ಕೊಟ್ಟು ಹುಡುಕಬಹುದು ಎಂದಾಯಿತು. 2017ರಲ್ಲಿ ಗೂಗಲ್ ಲೆನ್ಸ್ ಬಂತು, ಕ್ಯಾಮೆರಾ ಹಿಡಿದರೆ ಗಿಡ, ಅಕ್ಷರ, ವಸ್ತು ಗುರುತಿಸುವಂಥದ್ದು. 2022ರಲ್ಲಿ ಚಿತ್ರದ ಜತೆಗೆ ಮಾತನ್ನೂ ಸೇರಿಸಿ ಕೇಳುವ ಸೌಲಭ್ಯ ಬಂತು. 2024ರ ಜನವರಿಯಲ್ಲಿ ಸರ್ಕಲ್ ಟು ಸರ್ಚ್, ಅಂದರೆ ತೆರೆಯ ಮೇಲೆ ಬೆರಳಿನಿಂದ ವೃತ್ತ ಎಳೆದು ಹುಡುಕುವುದು.

ಇನ್ನೊಂದು ದಾರಿ ಮಾತಿನದು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲರಿಗೂ ಅವಸರ. 2023ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಸರ್ಚ್ ತಾಣವಾದ ಬಿಂಗ್‌ಗೆ ಎಐ, ಅಂದರೆ ಕೃತಕ ಬುದ್ಧಿಮತ್ತೆ, ಜೋಡಿಸಿತು. ಗೂಗಲ್‌ನ ಎಐ ಓವರ್‌ವ್ಯೂ, ಅದೇ ಮೇಲ್ಭಾಗದಲ್ಲಿ ಬರುವ ಸಾರಾಂಶ, 2024ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂತು. 2025ರಲ್ಲಿ ಎಐ ಮೋಡ್, ಅಂದರೆ ಎಐ ಜತೆ ಮಾತಾಡುತ್ತಲೇ ಹುಡುಕುವುದು, ಬಂದು, ಅದೇ ವರ್ಷ ಕನ್ನಡದಲ್ಲೂ ಮಲಯಾಳಂನಲ್ಲೂ ಕೇಳುವಂತಾಯಿತು.

ಈ ಸಾರಾಂಶ ಬರುವುದು ಹೇಗೆ ಗೊತ್ತಾ? ಯಂತ್ರ ಕೆಲವು ಪುಟಗಳನ್ನು ಹೆಕ್ಕಿ, ಅವುಗಳಲ್ಲಿ ಇರುವುದನ್ನು ತನ್ನ ಮಾತಿನಲ್ಲಿ ಹೆಣೆಯುತ್ತದೆ. ಹೆಕ್ಕಿದ ಪುಟದಲ್ಲಿ ಕಸ ಇದ್ದರೆ ಉತ್ತರದಲ್ಲೂ ಕಸ. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಪಿಜ್ಜಾದ ಮೇಲೆ ಚೀಸ್ ನಿಲ್ಲದಿದ್ದರೆ ಸ್ವಲ್ಪ ಅಂಟು ಸೇರಿಸಿ ಎಂದು ಉತ್ತರ ಬಂದದ್ದು ದೊಡ್ಡ ಸುದ್ದಿಯಾಯಿತು. ಅದಕ್ಕೂ ಹನ್ನೊಂದು ವರ್ಷ ಹಿಂದೆ ಯಾರೋ ರೆಡ್ಡಿಟ್ ಎಂಬ ಚರ್ಚಾ ತಾಣದಲ್ಲಿ ತಮಾಷೆಗೆ ಬರೆದ ಮಾತು ಅದು. ಯಂತ್ರಕ್ಕೆ ತಮಾಷೆ ಗೊತ್ತಾಗಲಿಲ್ಲ.

ಮೊದಲ ಹೆಜ್ಜೆ: ಊರಿನ ಹೆಸರು ಹಾಕಿ

ಇದೊಂದು ಅಭ್ಯಾಸವಾದರೆ ಅರ್ಧ ಕೆಲಸ ಮುಗಿಯಿತು. ಪ್ರತಿ ಪ್ರಶ್ನೆಯಲ್ಲೂ "ಕೇರಳ" ಅಥವಾ "ಕಾಸರಗೋಡು ಜಿಲ್ಲೆ" ಎಂಬ ಮಾತು ಇರಲಿ. ಫೋನಿನ ಲೊಕೇಶನ್ ಆನ್ ಇದೆ, ಅದಕ್ಕೇ ಗೊತ್ತಾಗುತ್ತದೆ ಎಂದು ನಂಬಬೇಡಿ.

ಎಸ್ಸೆಸ್ಸೆಲ್ಸಿ ಎಂಬ ಹೆಸರು ಎರಡೂ ರಾಜ್ಯಗಳಲ್ಲಿ ಇದೆ. ಬರೇ "ಎಸ್ಸೆಸ್ಸೆಲ್ಸಿ ಫಲಿತಾಂಶ" ಎಂದರೆ ಕರ್ನಾಟಕದ ಮಂಡಳಿಯ ಪುಟವೇ ಬರುವ ಸಾಧ್ಯತೆ ಜಾಸ್ತಿ. ನಮ್ಮ ಮಕ್ಕಳದ್ದು ಕೇರಳದ ಪರೀಕ್ಷಾ ಭವನದ್ದು, ಅಂಕಗಳಲ್ಲ, ಗ್ರೇಡ್. ಆಮೇಲೆ ಅಲ್ಲಿ ಪಿಯುಸಿ, ಇಲ್ಲಿ ಪ್ಲಸ್ ಟು.

ಕಾಗದಪತ್ರದ ವಿಷಯಕ್ಕೆ ಬಂದರೆ ಇನ್ನೂ ಗೊಂದಲ. "ಆದಾಯ ಪ್ರಮಾಣ ಪತ್ರ ಎಲ್ಲಿ ಸಿಗುತ್ತದೆ" ಎಂದು ಕೇಳಿ ನೋಡಿ, ನಾಡಕಚೇರಿಗೆ ಹೋಗಿ ಎನ್ನುತ್ತದೆ. ಕಾಸರಗೋಡಿನಲ್ಲಿ ನಾಡಕಚೇರಿ ಎಲ್ಲಿಂದ? ನಮಗೆ ವಿಲೇಜ್ ಆಫೀಸ್. ಅರ್ಜಿ ಹಾಕುವುದು ಇ-ಡಿಸ್ಟ್ರಿಕ್ಟ್‌ನಲ್ಲಿ, ಹೆಚ್ಚಿನವರು ಅಕ್ಷಯ ಕೇಂದ್ರಕ್ಕೇ ಹೋಗುತ್ತಾರೆ. ಜಾಗದ ದಾಖಲೆ ಕೇಳಿದರೆ ಪಹಣಿ, ಭೂಮಿ ತಂತ್ರಾಂಶ ಎಂದೆಲ್ಲ ಹೇಳುತ್ತದೆ, ನಮ್ಮಲ್ಲಿ ಇರುವುದು ತಂಡಪೇರ್ ನಂಬರ್ (ಜಾಗದ ಕಂದಾಯ ಖಾತೆಯ ನಂಬರ್), ಪೋಕ್ಕುವರವ್ (ಜಾಗವನ್ನು ಹೊಸ ಮಾಲೀಕರ ಹೆಸರಿಗೆ ಮಾಡಿಸುವುದು). ಹಾಗಾಗಿ ಕಚೇರಿ ಕೆಲಸಕ್ಕೆ ಹುಡುಕುವಾಗ ಕೇರಳದಲ್ಲಿ ಆ ಕೆಲಸಕ್ಕೆ ಇರುವ ಹೆಸರನ್ನೇ ಬಳಸಿ, ಕನ್ನಡ ಅಕ್ಷರದಲ್ಲಿ ಬರೆದರೂ ತೊಂದರೆ ಇಲ್ಲ. "ಪೋಕ್ಕುವರವ್ ಮಾಡಲು ಏನೆಲ್ಲ ಬೇಕು, ಕೇರಳ" ಎಂದು ಕೇಳಿದರೆ ಸರಿದಾರಿಗೆ ಬರುತ್ತದೆ.

ಊರ ಹೆಸರುಗಳಲ್ಲೂ ಒಂದು ವಿಷಯ ಉಂಟು. ನಾವು ಕುಂಬಳೆ ಎನ್ನುತ್ತೇವೆ, ಮಲಯಾಳಂನಲ್ಲಿ ಕುಂಬಳ. ನಾವು ಮಂಜೇಶ್ವರ, ಅವರು ಮಂಜೇಶ್ವರಂ. ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ. ನಮ್ಮ ಹೆಸರು ಬಿಡಬೇಕು ಎಂದಲ್ಲ, ಎರಡೂ ಬಾಗಿಲು ತಟ್ಟಬೇಕು.

ಮಲಯಾಳಂ ಕಾಗದ ಬಂದಾಗ

ಪಂಚಾಯತ್‌ನಿಂದ ನೋಟೀಸ್ ಬಂತು, ಪೂರ್ತಿ ಮಲಯಾಳಂ. ಈಗ ಏನು ಮಾಡುವುದು?

ಕಾಗದವನ್ನು ಮೇಜಿನ ಮೇಲೆ ಸಪಾಟಾಗಿ ಇಡಿ. ಮಡಿಕೆ ಇದ್ದರೆ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದರೆ ಒಳ್ಳೆಯದು, ನಿಮ್ಮ ನೆರಳು ಬೀಳಬಾರದು. ಗೂಗಲ್ ಆ್ಯಪ್ ತೆರೆದು ಹುಡುಕುವ ಪಟ್ಟಿಯ ಬದಿಯಲ್ಲಿರುವ ಕ್ಯಾಮೆರಾ ಚಿಹ್ನೆ ಒತ್ತಿ. ಕೆಳಗೆ ಅನುವಾದ ಎಂಬ ಆಯ್ಕೆ ಇರುತ್ತದೆ. ಮೇಲೆ ಮಲಯಾಳಂನಿಂದ ಕನ್ನಡಕ್ಕೆ ಎಂದು ನೀವೇ ಆರಿಸಿ, ಅದರಷ್ಟಕ್ಕೆ ಬಿಡಬೇಡಿ. ಫೋನ್ ಅಲುಗಾಡಿಸದೆ ಫೋಟೋ ತೆಗೆಯಿರಿ. ಮಲಯಾಳಂ ಅಕ್ಷರಗಳ ಮೇಲೆಯೇ ಕನ್ನಡ ಬಂದು ಕೂರುತ್ತದೆ. ಮೊದಲ ಸಲ ನೋಡಿದಾಗ ಅಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಉದ್ದದ ಕಾಗದವಾದರೆ ಒಂದೇ ಫೋಟೋದಲ್ಲಿ ತುರುಕಬೇಡಿ, ಎರಡು ಮೂರು ತುಂಡು ಮಾಡಿ ತೆಗೆಯಿರಿ. ಅಕ್ಷರ ದೊಡ್ಡದಾಗಿ ಕಂಡಷ್ಟೂ ಓದು ಸರಿ ಇರುತ್ತದೆ. ಅಚ್ಚಾದದ್ದನ್ನು ಚೆನ್ನಾಗಿ ಓದುತ್ತದೆ, ಕೈಬರಹ ಅಷ್ಟಕ್ಕಷ್ಟೆ. ಅಜ್ಜನ ಕಾಲದ ಕೈಬರಹದ ಕನ್ನಡ ದಸ್ತಾವೇಜು ನಿಮ್ಮಲ್ಲಿದ್ದರೆ ಅದನ್ನು ಲೆನ್ಸ್‌ಗೆ ಓದಿಸಿ ಜಾಗದ ತೀರ್ಮಾನ ಮಾಡಲು ಹೋಗಬೇಡಿ. ಅದಕ್ಕೆ ಈಗಲೂ ಊರಿನ ಹಿರಿಯರೇ ಬೇಕು.

ಅನುವಾದ ಬಂದ ಮೇಲೆ ಮೂರು ವಿಷಯಗಳನ್ನು ಮೂಲ ಕಾಗದದಲ್ಲೇ ನೋಡಿ: ತಾರೀಕು, ದುಡ್ಡಿನ ಮೊತ್ತ, ಸರ್ವೆ ನಂಬರ್. ಅಂಕೆಗಳು ಮಲಯಾಳಂ ಕಾಗದದಲ್ಲೂ ನಮಗೆ ಗೊತ್ತಿರುವ ಅಂಕೆಗಳೇ, ಹಾಗಾಗಿ ಇದನ್ನು ಯಾರು ಬೇಕಾದರೂ ಮಾಡಬಹುದು.

ಇನ್ನೊಂದು ಮೋಸ ಪದಗಳದ್ದು. ಎರಡು ಭಾಷೆಗಳಲ್ಲೂ ಇರುವ, ಆದರೆ ಅರ್ಥ ಬೇರೆಯಾಗಿರುವ ಪದಗಳು ನಮಗೆ ಬಹಳ ಇವೆ. ಮಲಯಾಳಂನ "ಅಪೇಕ್ಷ" ಎಂದರೆ ಅರ್ಜಿ, ಆಸೆ ಅಲ್ಲ. "ಅನುವಾದಂ" ಎಂದರೆ ಒಪ್ಪಿಗೆ, ಭಾಷಾಂತರ ಅಲ್ಲ. "ಅವಸಾನ ತೀಯತಿ" ಎಂದರೆ ಕೊನೆಯ ದಿನಾಂಕ. ಕನ್ನಡದಲ್ಲಿ ಇಲ್ಲದ ಪದಗಳೂ ಬರುತ್ತವೆ, "ಕುಡಿಶ್ಶಿಕ" ಎಂದರೆ ಬಾಕಿ. ಯಂತ್ರ ಹೆಚ್ಚಾಗಿ ಸರಿಯಾಗಿಯೇ ಹೇಳುತ್ತದೆ. ಆದರೆ ವಾಕ್ಯ ವಿಚಿತ್ರವಾಗಿ ಕಂಡರೆ ಅದೇ ಕಾಗದವನ್ನು ಮಲಯಾಳಂನಿಂದ ಇಂಗ್ಲಿಷಿಗೆ ಒಮ್ಮೆ ತಿರುಗಿಸಿ ನೋಡಿ. ಎರಡೂ ಒಂದೇ ಹೇಳಿದರೆ ಧೈರ್ಯ. ಬೇರೆ ಬೇರೆ ಹೇಳಿದರೆ ಮಲಯಾಳಂ ಬಲ್ಲವರ ಹತ್ತಿರ ಕೇಳದೆ ಸಹಿ ಹಾಕಬೇಡಿ.

ಆಧಾರ್, ಬ್ಯಾಂಕ್ ಪಾಸ್‌ಬುಕ್, ಆಸ್ಪತ್ರೆಯ ರಿಪೋರ್ಟ್ ಇವುಗಳ ಫೋಟೋ ಸರ್ಚ್‌ಗೆ ಹೋದರೆ ಅದು ನಿಮ್ಮ ಫೋನಿನಲ್ಲೇ ಉಳಿಯುವುದಿಲ್ಲ, ಕಂಪೆನಿಯ ಕಂಪ್ಯೂಟರಿಗೆ ಹೋಗುತ್ತದೆ. ನಂಬರ್ ಇರುವ ಜಾಗಕ್ಕೆ ಒಂದು ಚೀಟಿ ಮುಚ್ಚಿ ಫೋಟೋ ತೆಗೆಯಿರಿ. ಹಿಂದೆ ಹುಡುಕಿದ್ದನ್ನು ಗೂಗಲ್ ಖಾತೆಯ ಆಕ್ಟಿವಿಟಿ ಪುಟದಲ್ಲಿ ನೋಡಿ ಅಳಿಸಬಹುದು.

ತೋಟದಲ್ಲಿ

ನಮ್ಮ ಕಡೆ ಲೆನ್ಸ್ ಹೆಚ್ಚು ಬಳಕೆಯಾಗುವುದು ಅಡಿಕೆ ತೋಟದಲ್ಲಿ, ತಪ್ಪಾಗುವುದೂ ಅಲ್ಲೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸೋಗೆಯ ಫೋಟೋ ತೆಗೆದು ಹುಡುಕಿದರೆ ಮೊದಲು ಬರುವುದು ಬಹಳ ಸಲ ಮನೆಯೊಳಗೆ ಇಡುವ ಅಲಂಕಾರದ ಗಿಡ. ಯಾಕೆಂದರೆ ಇಂಗ್ಲಿಷಿನಲ್ಲಿ ಅರೆಕಾ ಪಾಮ್ ಎಂದು ಅಂಗಡಿಯಲ್ಲಿ ಮಾರುವುದು ನಮ್ಮ ಅಡಿಕೆ ಮರವನ್ನಲ್ಲ, ಕುಂಡದಲ್ಲಿ ಬೆಳೆಯುವ ಬೇರೆಯೇ ಜಾತಿಯನ್ನು. ಆ ಗಿಡಕ್ಕೆ ಸರ್ಚ್ ಹೇಳುವ ಮದ್ದು ಏನೆಂದರೆ, "ನೀರು ಜಾಸ್ತಿಯಾಗಿದೆ, ಕುಂಡ ಬದಲಿಸಿ." ತೋಟದವರಿಗೆ ಇದರಿಂದ ಏನು ಪ್ರಯೋಜನ! ಹಾಗಾಗಿ ಫೋಟೋ ಹಾಕಿದ ಮೇಲೆ ಅಲ್ಲಿಗೇ ನಿಲ್ಲಬೇಡಿ. ಕೆಳಗೆ ಪದ ಸೇರಿಸುವ ಜಾಗ ಇರುತ್ತದೆ, ಅಲ್ಲಿ "ಅಡಿಕೆ ಮರ ಎಲೆ ರೋಗ" ಎಂದೋ ಇಂಗ್ಲಿಷಿನಲ್ಲಾದರೆ ಅರೆಕಾನಟ್ ಎಂದೋ ಬರೆಯಿರಿ. ಪಾಮ್ ಎನ್ನಬೇಡಿ.

ಫೋಟೋ ಒಂದಲ್ಲ, ಮೂರು ಬೇಕು. ಇಡೀ ಮರ ಕಾಣುವಂತೆ ಒಂದು, ಸೋಗೆಯ ಹತ್ತಿರದ್ದೊಂದು, ಎಲೆಯ ಅಡಿಭಾಗದ್ದೊಂದು. ಕಾಯಿ ಉದುರಿದ್ದರೆ ಅದರದ್ದೂ.

ಯಾಕೆ ಇಷ್ಟು ಜಾಗ್ರತೆ ಅಂದರೆ, ನಮ್ಮ ತೋಟದ ಮೂರು ರೋಗಗಳು ಮೂರು ಬಗೆಯವು. ಕೊಳೆರೋಗ, ನಮ್ಮವರು ಮಹಾಳಿ ಎನ್ನುವುದು, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವಂಥದ್ದು. ಎಲೆಚುಕ್ಕಿ ಶಿಲೀಂಧ್ರದಿಂದ ಸೋಗೆಗೆ ಬರುತ್ತದೆ. ಹಳದಿ ರೋಗಕ್ಕೆ ಕಾರಣ ಶಿಲೀಂಧ್ರವೇ ಅಲ್ಲ, ಫೈಟೋಪ್ಲಾಸ್ಮಾ ಎಂಬ ಬೇರೆಯೇ ಸೂಕ್ಷ್ಮಜೀವಿ. ಹಳದಿ ರೋಗದ ಮರಕ್ಕೆ ಶಿಲೀಂಧ್ರದ ಮದ್ದಾದ ಬೋರ್ಡೋ ದ್ರಾವಣ ಸಿಂಪಡಿಸಿದರೆ ದುಡ್ಡೂ ಹೋಯಿತು, ಮರ ಹತ್ತುವವರ ಕೂಲಿಯೂ ಹೋಯಿತು. ಇನ್ನು ಸೋಗೆ ಹಳದಿಯಾಗುವುದಕ್ಕೆ ನೀರು ನಿಲ್ಲುವುದು, ಗೊಬ್ಬರ ಸಾಲದಿರುವುದು ಹೀಗೆ ಬೇರೆ ಕಾರಣಗಳೂ ಇರುತ್ತವೆ. ಫೋಟೋದಲ್ಲಿ ಹಳದಿ ಹಳದಿಯೇ, ಮಣ್ಣಿನಡಿಯ ನೀರು ಲೆನ್ಸ್‌ಗೆ ಕಾಣುವುದಿಲ್ಲ.

ಮದ್ದಿನ ಅಳತೆಯನ್ನಂತೂ ಎಐ ಹೇಳಿತು ಎಂದು ನಂಬಿ ಕಲಸಬೇಡಿ. ಇದನ್ನು ನೀವೇ ಒಂದು ಪರೀಕ್ಷೆಯಾಗಿ ಬಳಸಬಹುದು. ಶೇಕಡಾ 1ರ ಬೋರ್ಡೋಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕಲಕಬೇಕು. ಉಜ್ಜಿದ ಚೂರಿ ಅದ್ದಿ ನೋಡಿ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಇದು ನಮಗೆಲ್ಲ ಗೊತ್ತು. ಈಗ ಇದೇ ಪ್ರಶ್ನೆಯನ್ನು ಎಐ ಮೋಡ್‌ಗೆ ಎರಡು ಮೂರು ಬಗೆಯಲ್ಲಿ ಕೇಳಿ. ಗೊತ್ತಿರುವ ವಿಷಯದಲ್ಲಿ ಅದು ಎಲ್ಲಿ ಸರಿ, ಎಲ್ಲಿ ಜಾರುತ್ತದೆ ಎಂದು ಕಂಡರೆ, ಗೊತ್ತಿಲ್ಲದ ವಿಷಯದಲ್ಲಿ ಎಷ್ಟು ನಂಬಬಹುದು ಎಂಬ ಅಂದಾಜು ಸಿಗುತ್ತದೆ.

ಕೊನೆಯ ಮಾತಿಗೆ ಕೃಷಿ ಭವನ ಇದೆ, ಪ್ರತಿ ಪಂಚಾಯತ್‌ಗೂ ಒಂದು. ಅದಕ್ಕಿಂತ ದೊಡ್ಡದು ಕೂಡ್ಲಿನ ಸಿಪಿಸಿಆರ್‌ಐ, ಅಂದರೆ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆ ನಮ್ಮ ಊರಲ್ಲೇ ಇರುವಾಗ ಫೋನಿನ ಮಾತೊಂದನ್ನೇ ಹಿಡಿದು ಕೂರುವುದು ಯಾಕೆ? ಲೆನ್ಸ್‌ನಿಂದ ರೋಗದ ಹೆಸರು ಸಿಕ್ಕಿದರೆ ಅಲ್ಲಿ ಹೋಗಿ ಸರಿಯಾದ ಪ್ರಶ್ನೆ ಕೇಳಲು ಬರುತ್ತದೆ, ಅದೇ ಅದರ ಉಪಯೋಗ.

ಹಾವು ಮತ್ತು ಅಣಬೆಗೆ ಲೆನ್ಸ್ ಬೇಡ. ಕಟ್ಟು ಹಾವಿಗೂ ವಿಷವಿಲ್ಲದ ತೋಳ ಹಾವಿಗೂ ಮೈಮೇಲಿನ ಪಟ್ಟಿ ಹೆಚ್ಚುಕಡಿಮೆ ಒಂದೇ ತರ, ರಾತ್ರಿ ಟಾರ್ಚ್ ಬೆಳಕಿನ ಫೋಟೋದಲ್ಲಿ ಯಂತ್ರ ಏನು ಹೇಳಿದರೂ ಅದನ್ನು ನಂಬಿ ಆಸ್ಪತ್ರೆಗೆ ಹೋಗದೆ ಕೂರಬೇಡಿ. ಮೊದಲ ಮಳೆಗೆ ಗುಡ್ಡದಲ್ಲಿ ಏಳುವ ಅಣಬೆಯೂ ಹಾಗೆಯೇ. ಹಿರಿಯರಿಗೆ ಗುರುತಿದ್ದರೆ ಮಾತ್ರ ಪಾತ್ರೆಗೆ ಹಾಕಿ.

ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋ

2022ರ ಅಕ್ಟೋಬರ್ 9ರಂದು ಅನಂತಪುರ ಸರೋವರ ದೇವಸ್ಥಾನದ ಮೊಸಳೆ ಬಬಿಯಾ ತೀರಿಕೊಂಡಿತು. ನಮಗೆಲ್ಲ ಅದು ಮನೆಯ ಸುದ್ದಿಯಾಗಿತ್ತು. ಆ ದಿನಗಳಲ್ಲಿ ಒಂದು ಫೋಟೋ ಎಲ್ಲರ ಫೋನಿಗೂ ಬಂತು, ಒಬ್ಬ ಮನುಷ್ಯ ನೀರಲ್ಲಿ ಮೊಸಳೆಯನ್ನು ತಬ್ಬಿಕೊಂಡದ್ದು. ಬಬಿಯಾ ಮತ್ತು ಅರ್ಚಕರು ಎಂದು ಕೆಳಗೆ ಬರೆದಿತ್ತು. ಅದು ಬಬಿಯಾ ಅಲ್ಲ. ಕೋಸ್ಟಾರಿಕಾ ದೇಶದ ಪೋಚೋ ಎಂಬ ಮೊಸಳೆ, ಅದನ್ನು ಸಾಕಿದ ಮೀನುಗಾರನ ಜತೆಗಿರುವ ಚಿತ್ರ. ಆ ಮೊಸಳೆ ಸತ್ತದ್ದು 2011ರಲ್ಲಿ.

ಇಂಥದ್ದನ್ನು ಹಿಡಿಯಲು ಅರ್ಧ ನಿಮಿಷ ಸಾಕು. ಫೋಟೋ ತೆರೆದಿರುವಾಗ, ಸರ್ಕಲ್ ಟು ಸರ್ಚ್ ಇರುವ ಆಂಡ್ರಾಯ್ಡ್ ಫೋನಾದರೆ ಕೆಳಗಿನ ಹೋಮ್ ಬಟನ್ ಅಥವಾ ಗೆರೆಯನ್ನು ಒತ್ತಿ ಹಿಡಿಯಿರಿ, ಆಮೇಲೆ ಚಿತ್ರದ ಸುತ್ತ ಬೆರಳಾಡಿಸಿ. ಆ ಸೌಲಭ್ಯ ಇಲ್ಲವಾದರೆ ಫೋಟೋ ಉಳಿಸಿಕೊಂಡು ಗೂಗಲ್ ಆ್ಯಪ್‌ನ ಕ್ಯಾಮೆರಾ ಚಿಹ್ನೆಯಿಂದ ಗ್ಯಾಲರಿಗೆ ಹೋಗಿ ಆರಿಸಿ. ಬಂದ ಚಿತ್ರಗಳಲ್ಲಿ ಹಳೆಯದು ಯಾವುದು ಎಂದು ನೋಡಿ. ಹತ್ತು ವರ್ಷ ಹಿಂದಿನ ಬೇರೆ ದೇಶದ ಪುಟದಲ್ಲಿ ಅದೇ ಚಿತ್ರ ಇದ್ದರೆ ಅಲ್ಲಿಗೆ ತೀರ್ಮಾನವಾಯಿತು. ಬರೇ ಗೂಗಲ್ ಸಾಲದು ಎನಿಸಿದರೆ ಟಿನ್‌ಐ ಎಂಬ ತಾಣವಿದೆ, ಅದು 2008ರಿಂದಲೂ ಚಿತ್ರದಿಂದ ಹುಡುಕುವ ಈ ಕೆಲಸವನ್ನೇ ಮಾಡುತ್ತಿದೆ. ಅಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಿ ನೋಡಬಹುದು.

ಎಐ ಹೊಸದಾಗಿ ಮಾಡಿದ ಚಿತ್ರಕ್ಕೆ ಈ ಉಪಾಯ ನಡೆಯುವುದಿಲ್ಲ, ಯಾಕೆಂದರೆ ಅದಕ್ಕೆ ಹಳೆಯ ಮೂಲವೇ ಇಲ್ಲ. ಆಗ ಚಿತ್ರವನ್ನು ಬಿಟ್ಟು ಸುದ್ದಿಯನ್ನು ಹುಡುಕಿ. ಕುಂಬಳೆಯಲ್ಲಿ ಅಷ್ಟು ದೊಡ್ಡ ಘಟನೆ ಆಗಿದ್ದರೆ ಯಾವ ಪತ್ರಿಕೆಯೂ ಬರೆಯದೆ ಇರುತ್ತದಾ?

ಮೇಲ್ಭಾಗದ ಎಐ ಉತ್ತರ ಓದುವ ಕ್ರಮ

ಓದಿದ ಕೂಡಲೇ ಫೋನ್ ಕೆಳಗಿಡಬೇಡಿ. ವಾಕ್ಯಗಳ ಬದಿಯಲ್ಲಿ ಸಣ್ಣ ಲಿಂಕ್ ಚಿಹ್ನೆ ಇರುತ್ತದೆ, ಒತ್ತಿದರೆ ಯಾವ ಪುಟದಿಂದ ತೆಗೆದದ್ದು ಎಂದು ಕಾಣುತ್ತದೆ. ನಾನು ನೋಡುವುದು ಎರಡೇ: ಯಾವ ರಾಜ್ಯದ್ದು, ಯಾವ ವರ್ಷದ್ದು. ಈ ಎರಡು ಸರಿ ಇದ್ದರೆ ಮುಂದೆ ಓದುತ್ತೇನೆ.

ಎಐ ಬೇಡವೇ ಬೇಡ ಎಂದರೆ ಗೂಗಲ್‌ನಲ್ಲಿ ಫಲಿತಾಂಶದ ಮೇಲಿರುವ ಸಾಲಿನಲ್ಲಿ ಚಿತ್ರಗಳು, ಸುದ್ದಿ ಇತ್ಯಾದಿಗಳ ಜತೆ "ವೆಬ್" ಎಂಬುದಿದೆ, ಕೆಲವೊಮ್ಮೆ "ಇನ್ನಷ್ಟು" ಎಂಬುದರ ಒಳಗೆ ಅಡಗಿರುತ್ತದೆ. 2024ರ ಮೇ ತಿಂಗಳಲ್ಲಿ ಬಂದದ್ದು. ಅದನ್ನು ಒತ್ತಿದರೆ ಹಳೆಯ ತರ ಬರೇ ಲಿಂಕ್‌ಗಳು. ಸರಕಾರಿ ಪುಟ ಮಾತ್ರ ಬೇಕಾದರೆ ಪ್ರಶ್ನೆಯ ಕೊನೆಗೆ ಇಂಗ್ಲಿಷ್ ಅಕ್ಷರದಲ್ಲಿ ಸೈಟ್ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಕೇರಳ ಡಾಟ್ ಗವ್ ಡಾಟ್ ಇನ್ ಎಂದು ಸೇರಿಸಿ. ಸುದ್ದಿ ತಾಣಗಳು, ಯೂಟ್ಯೂಬ್ ಎಲ್ಲ ಉದುರಿ ಸರಕಾರದ ಪುಟಗಳು ಮಾತ್ರ ಉಳಿಯುತ್ತವೆ.

ಫೋನ್ ನಂಬರ್ ವಿಷಯವನ್ನು ಮಾತ್ರ ಬಹಳ ಬೇಸರದಿಂದ ಬರೆಯುತ್ತಿದ್ದೇನೆ. ನನ್ನ ಚಿಕ್ಕಮ್ಮನ ಮನೆಯ ಫ್ರಿಡ್ಜ್ ಹಾಳಾದಾಗ ಅವರು ಸರ್ಚ್‌ನಲ್ಲಿ ಸಿಕ್ಕಿದ ಕಸ್ಟಮರ್ ಕೇರ್ ನಂಬರಿಗೆ ಕರೆ ಮಾಡಿದರು. ಆ ಕಡೆಯವನು ಒಳ್ಳೆ ಮಾತಾಡಿ, ಹತ್ತು ರೂಪಾಯಿ ಕಟ್ಟಲು ಒಂದು ಲಿಂಕ್ ಕಳಿಸಿದ. ಒತ್ತಿದ ಮೇಲೆ ಖಾತೆಯಿಂದ ಹೋದದ್ದು ಅವರ ಒಂದು ತಿಂಗಳ ಪೆನ್ಶನ್. ಕಳ್ಳರು ತಮ್ಮ ನಂಬರನ್ನು ಎಲ್ಲೆಲ್ಲೋ ಪುಟಗಳಲ್ಲಿ ಬರೆದಿಟ್ಟಿರುತ್ತಾರೆ, ಸರ್ಚ್ ಅದನ್ನು ಹೆಕ್ಕಿ ತೋರಿಸುತ್ತದೆ. ನಂಬರ್ ಬೇಕಿದ್ದರೆ ಬಿಲ್ಲಿನಲ್ಲಿ, ವಸ್ತುವಿನ ಹಿಂದೆ, ಎಟಿಎಂ ಕಾರ್ಡಿನ ಹಿಂದೆ ಇರುವುದನ್ನೇ ತೆಗೆದುಕೊಳ್ಳಿ. ದುಡ್ಡು ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ. ನಾಚಿಕೆಯಿಂದ ಮರುದಿನಕ್ಕೆ ಇಡಬೇಡಿ, ಎಷ್ಟು ಬೇಗ ಹೇಳಿದರೆ ದುಡ್ಡು ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ಬಾಯಲ್ಲಿ ಹೇಳುವುದು

2017ರಿಂದ ಗೂಗಲ್‌ನಲ್ಲಿ ಕನ್ನಡದಲ್ಲಿ ಮಾತಾಡಿ ಹುಡುಕಬಹುದು. ಸೆಟ್ಟಿಂಗ್ಸ್‌ನಲ್ಲಿ ಧ್ವನಿಯ ಭಾಷೆಗೆ ಕನ್ನಡವನ್ನು ಸೇರಿಸಿಡಿ. ಹವ್ಯಕದಲ್ಲೋ ನಮ್ಮ ಮನೆಮಾತಿನ ಧಾಟಿಯಲ್ಲೋ ಹೇಳಿದರೆ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ, ಶಾಲೆಯ ಪುಸ್ತಕದ ಕನ್ನಡದಲ್ಲಿ ನಿಧಾನ ಹೇಳಿ. ತುಳು ಮಾತಾಡುವವರಿಗೆ ಒಂದು ಸಂತೋಷದ ವಿಷಯ: 2024ರ ಜೂನ್‌ನಲ್ಲಿ ಗೂಗಲ್ ಅನುವಾದಕ್ಕೆ ತುಳುವೂ ಸೇರಿದೆ. ಇನ್ನೂ ಎಳೆಯದು, ಆದರೆ ಸೇರಿದೆಯಲ್ಲ!

ಓದಿಯಾಯಿತು, ಉತ್ತರ ಬರೆಯುವುದು ಹೇಗೆ

ಮಲಯಾಳಂ ನೋಟೀಸನ್ನು ಫೋನ್ ಓದಿಕೊಟ್ಟಿತು. ಈಗ ಉತ್ತರವನ್ನೂ ಎಐ ಕೈಯಲ್ಲಿ ಮಲಯಾಳಂನಲ್ಲಿ ಬರೆಸಿ ಕೊಡೋಣ ಎಂದು ಹಲವರು ಶುರು ಮಾಡಿದ್ದಾರೆ. ನಿಮಗೆ ಓದಲು ಬಾರದ ಭಾಷೆಯಲ್ಲಿ ಯಂತ್ರ ಏನು ಬರೆದಿದೆ ಎಂದು ತಿಳಿಯದೆ ಅದಕ್ಕೆ ಸಹಿ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅದರ ಅಗತ್ಯವೂ ಇಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಮತ್ತು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕು ಇದೆ.

ಹಾಗಾಗಿ ಫೋನಿನಲ್ಲಿ ನೋಟೀಸ್ ಓದಿಕೊಳ್ಳಿ, ಮೂಲದಿಂದ ಅದರ ನಂಬರ್ ಮತ್ತು ತಾರೀಕು ನೋಡಿ ಬರೆದುಕೊಳ್ಳಿ. ಆಮೇಲೆ ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಉತ್ತರ ಬರೆದು, ಕೊನೆಗೆ ಒಂದು ಸಾಲು ಸೇರಿಸಿ: "ಇದಕ್ಕೆ ಉತ್ತರವನ್ನು ಕನ್ನಡದಲ್ಲಿ ಕೊಡಬೇಕಾಗಿ ವಿನಂತಿ." ಕಚೇರಿಗೆ ಕೊಡುವಾಗ ಇನ್ನೊಂದು ಪ್ರತಿಯಲ್ಲಿ ಸೀಲ್ ಹಾಕಿಸಿಕೊಂಡು ಬನ್ನಿ.